ಎಡಗೈ ತೋರುಬೆರಳು

ಎರಡನೇ ಬಿ.ಎ., ಊಟದ ನಂತರದ ಪೀರಿಯಡ್ಡು.
ಮಂಡ್ಯದ ಬಿಸಿಲು ಕಿಟಕಿಯ ಸರಳು ಹಿಡಿದು ನಿಂತಿದೆ,
ಗಾಳಿಯಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ.
ಹಲಗೆಯ ಮೇಲೆ ಬರೆದೆ: ಐನೂರ ಮೂವತ್ತೆಂಟು.
ಅಮೆರಿಕದಲ್ಲಿ ಅಧ್ಯಕ್ಷನನ್ನು ಜನ ನೇರ ಆರಿಸುವುದಿಲ್ಲ,
ಆರಿಸುವವರನ್ನು ಆರಿಸುತ್ತಾರೆ, ಅಂದೆ.
ಹಿಂದಿನ ಬೆಂಚು ಆಕಳಿಸಿತು.

ಸರಿ, ಪುಸ್ತಕ ಮುಚ್ಚಿ ಏಳು ತಾಲ್ಲೂಕು ಬರೆದೆ.
ಮದ್ದೂರಿಗೆ ಇಷ್ಟು, ಮಳವಳ್ಳಿಗೆ ಇಷ್ಟು.
ನಾಗಮಂಗಲದಲ್ಲಿ ಒಂದೇ ಓಟು ಹೆಚ್ಚು ಬಿದ್ದರೂ
ಇಡೀ ನಾಗಮಂಗಲ ಅವನ ಜೇಬಿಗೆ;
ಪಾಂಡವಪುರದಲ್ಲಿ ರಾಶಿ ಬಾಚಿದವನು
ಮಿಕ್ಕಿದ್ದನ್ನು ಕೆ.ಆರ್. ಪೇಟೆಗೆ ಹೊತ್ತೊಯ್ಯುವಂತಿಲ್ಲ.
"ಅಂಗಾರೆ ಕಮ್ಮಿ ಓಟು ತಗಂಡೋನೂ ಗೆಲ್ಬೋದಾ ಮೇಡಂ?"
ಗೆದ್ದಿದ್ದಾರೆ.
"ಸೋತೋರು ಸುಮ್ಕಿದ್ರಾ?" ಇದು ಸಿಂಚನಾ.
ಅದು ಮುಂದಿನ ಸೆಮಿಸ್ಟರಿಗೆ, ಅಂದೆ. ನಕ್ಕರು.

ಮಂಗಳವಾರವೇ ಯಾಕೆ?
ಭಾನುವಾರ ಇಗರ್ಜಿ, ಬುಧವಾರ ಸಂತೆ,
ನಡುವೆ ಕುದುರೆಗಾಡಿ ಕಟ್ಟಿ ಪೇಟೆ ಮುಟ್ಟಬೇಕಿತ್ತು ರೈತ.
ಕುದುರೆ ಸತ್ತು ನೂರು ವರ್ಷ; ಮಂಗಳವಾರ ಬದುಕಿದೆ.
ಇದೊಂದು ಮಾತ್ರ ಎಲ್ಲರಿಗೂ ತಟ್ಟನೆ ಅರ್ಥವಾಯಿತು.

ಆಮೇಲೆ ಸೋಪಿನ ಮಾತು.
ಅಲ್ಲಿನ ದಕ್ಷಿಣದ ಊರುಗಳಲ್ಲಿ, ಒಂದು ಕಾಲಕ್ಕೆ,
ಕಪ್ಪು ಜನ ಹೆಸರು ಬರೆಸಲು ಹೋದರೆ
ಮೇಜಿನಾಚೆಯ ಗುಮಾಸ್ತ ಕೇಳುತ್ತಿದ್ದನಂತೆ:
ಒಂದು ಸೋಪಿನಲ್ಲಿ ಎಷ್ಟು ನೊರೆಗುಳ್ಳೆ?
ಯಾರೂ ನಗಲಿಲ್ಲ.
ಎಲ್ಲರೂ ಒಳಗೊಳಗೇ ಎಣಿಸುತ್ತಿದ್ದಂತೆ ಮೌನ.

ಬಹಳ ಕಡೆ ಹೆಸರು ತಾನೇ ಹೋಗಿ ಬರೆಸಬೇಕು.
ಪಟ್ಟಿ ಸೋಸುವಾಗ ಜಾರಿದರೆ ಜಾರಿದ್ದೇ.
ಜೈಲು ಕಂಡು ಬಂದವನಿಗೆ ಒಂದು ರಾಜ್ಯ ಓಟು ಕೊಡುತ್ತದೆ,
ಪಕ್ಕದ್ದು ಕೊಡುವುದಿಲ್ಲ.
ಹಾಕಿ ಬಂದವರಿಗೆ ಅಂಗಿಗೆ ಅಂಟಿಸಿಕೊಳ್ಳಲು ಒಂದು ದುಂಡು ಚೀಟಿ.
"ಶಾಯಿ?"
ಇಲ್ಲ.
"ಶಾಯೀನೇ ಇಲ್ವಾ!"
ಒಂದು ಗಂಟೆ ಬಸ್ಸಿನ ದಾರಿ, ಮೈಸೂರಲ್ಲಿ,
ಇಡೀ ದೇಶದ ಬೆರಳಿಗೆ ಶಾಯಿ ಕೂಡಿಸುವ ಸೀಮೆ ಇದು.
ಈ ಹುಡುಗಿಯರಿಗೆ ಅಧ್ಯಕ್ಷನಿಲ್ಲದ ದೇಶಕ್ಕಿಂತ
ಶಾಯಿಯಿಲ್ಲದ ಮತಗಟ್ಟೆ ನಂಬಲಾಗದ ಮಾತು.
"ಗುರುತಿಲ್ದೆ ಹಾಕವ್ರೆ ಅಂತ ಯಾರ್ ನಂಬ್ತಾರೆ ಮೇಡಂ?"
ಪಟ್ಟಿ ನಂಬುತ್ತದೆ, ಅಂದೆ.
ಗಂಟೆ ಹೊಡೆಯಿತು.

ಹಲಗೆ ಒರೆಸುತ್ತ, ಮಳವಳ್ಳಿಯ ಮೇಲೆ ಬಟ್ಟೆ ನಿಂತಿತು.
ಹೋದ ಸಲದ ಡ್ಯೂಟಿ. ಅಂಗನವಾಡಿಯ ಗೋಡೆಯಲ್ಲಿ
ಅ ಅಳಿಲು, ಆ ಆನೆ.
ನನ್ನ ಮುಂದೆ ಮರಳು ತುಂಬಿದ ಡಬ್ಬಿ,
ಮರಳಲ್ಲಿ ಹೂತು ನಿಲ್ಲಿಸಿದ ಶಾಯಿಶೀಶೆ, ಕಡ್ಡಿ.
ಚಿಕ್ಕತಾಯಮ್ಮ ಬಂದಳು,
ಅಂಗಡಿಯ ಮಡಿಕೆ ಇನ್ನೂ ಬಿಡದ ಸೀರೆ.
ಪಟ್ಟಿಯಲ್ಲಿ ಅವಳಿಲ್ಲ. ಹಿಂದಿನ ಪುಟದಲ್ಲೂ ಇಲ್ಲ.
ಗಂಡ ಇದ್ದ. ತೀರಿಕೊಂಡು ಆರು ವರ್ಷವಾದ ಗಂಡ,
ಫೋಟೋ ಸಮೇತ.

ಜಗಳವಾಡಲಿಲ್ಲ ಅವಳು.
"ಓಟು ಬ್ಯಾಡ ಬುಡವ್ವ" ಅಂದಳು ದನಿ ತಗ್ಗಿಸಿ,
ಎಡಗೈ ಮೇಜಿನ ಮೇಲಿಟ್ಟು,
"ಶಾಯಿನಾರಾ ಹಾಕು.
ಸೀರೆ ಕೊಟ್ಟೋರು ಹಾದೀಲೇ ನಿಂತವ್ರೆ,
ಬೆರಳು ತೋರ್ಸು ಅಂತಾರೆ."

ನಿಯಮ ಗೊತ್ತಿತ್ತು ನನಗೆ, ಕೈಪಿಡಿಯ ಪುಟಸಂಖ್ಯೆ ಸಹಿತ.
ಕಡ್ಡಿ ಆಗಲೇ ಅದ್ದಿಯಾಗಿತ್ತು, ತುದಿಯಲ್ಲಿ ಹನಿ.
ಹಿಂದೆ ಸಾಲು ಕೆಮ್ಮಿತು.
ಏಜೆಂಟರಿಬ್ಬರೂ, ಬದ್ಧ ವಿರೋಧಿಗಳು,
ಒಂದೇ ಇಡ್ಲಿ ಪೊಟ್ಟಣ ಬಿಚ್ಚುತ್ತಿದ್ದರು.

ಆ ಹನಿ ಒಣಗಲು ಅರ್ಧ ನಿಮಿಷ ಸಾಕು.
ಉಗುರು ಬೆಳೆದು ಅದನ್ನು ಹೊರಗೆ ತಳ್ಳಲು
ಮೂರು ತಿಂಗಳು ಮೇಲೆ ಬೇಕು.
ನಾನು ಎಣಿಸಿದ್ದೇನೆ.
ಯಾರ ಉಗುರೆಂದು ಮಾತ್ರ ಕೇಳಬೇಡಿ.