ತಾಂತ್ರಿಕ ಕಾರಣ

ನಾಲ್ಕೂ ಇಪ್ಪತ್ತಕ್ಕೆ ಡಿಪೋದ ಗೇಟು ತೆರೆಯುತ್ತದೆ.
ಜೋಗಿಮಟ್ಟಿಯ ಕಡೆಯಿಂದ ಇಳಿದ ಚಳಿ
ಡೀಸೆಲ್ ವಾಸನೆಯ ಜೊತೆ ಒಳಗೆ ಬರುತ್ತದೆ,
ಹಾಜರಿ ಹಾಕುವುದಿಲ್ಲ.

ಆಮೇಲೆ ಡ್ರೈವರುಗಳು, ಒಬ್ಬೊಬ್ಬರೇ.
ಮಫ್ಲರು, ಕೆಮ್ಮು, ಬೀಡಿಯ ಕೊನೇ ದಮ್ಮು.
ಮೇಜಿನ ಮೇಲೆ ಊಟದ ಡಬ್ಬಿ ಇಟ್ಟು
ಲಾಗ್‌ಶೀಟಿಗೆ ಸಹಿ ಹಾಕುತ್ತಾರೆ.
ಪಾಲಯ್ಯ ಸಹಿ ನೋಡುತ್ತಿರಲಿಲ್ಲ.
ಡಬ್ಬಿ ಇಟ್ಟ ಸದ್ದು ಕೇಳುತ್ತಿದ್ದ.

ಟಕ್ ಎಂದರೆ ಸರಿ.
ಧಡ್ ಎಂದರೆ ಮನೆಯಲ್ಲಿ ಮಾತಿಗೆ ಮಾತು ಬೆಳೆದಿದೆ.
ಸದ್ದೇ ಇಲ್ಲದೆ, ನಿದ್ದೆ ಹತ್ತಿದ ಕೂಸನ್ನು ಇಳಿಸಿದ ಹಾಗೆ ಇಟ್ಟರೆ
ಪೆನ್ನಿಗೆ ಮುಚ್ಚಳ ಹಾಕಿ ತಲೆ ಎತ್ತುತ್ತಿದ್ದ:
'ತಿಪ್ಪೇಶಿ, ಬೆಂಗ್ಳೂರು ಗಾಡಿ ಬ್ರೇಕು ಯಾಕೋ ನೋಡ್ಸಬೇಕು.
ಅದನ್ನ ಆಮೇಲೆ ಖಾಸೀಮು ತಗಂಡೋಗ್ಲಿ.
ನೀನಿವತ್ತು ಭರಮಸಾಗರ ಲೋಕಲ್ ಹೊಡಿ.'

ಬ್ರೇಕು ಸರಿಯಾಗೇ ಇತ್ತು.
ತಿಪ್ಪೇಶಿಗೂ ಗೊತ್ತು, ಗಾಡಿಗೂ ಗೊತ್ತು.
ರಿಜಿಸ್ಟರಿನಲ್ಲಿ ಮಾತ್ರ ಗುಂಡನೆಯ ಅಕ್ಷರ:
ಮಾರ್ಗ ಬದಲಾವಣೆ. ತಾಂತ್ರಿಕ ಕಾರಣ.

ಆಗಿನ ಮ್ಯಾನೇಜರು ಮೈಕಿನ ಮನುಷ್ಯ.
ಯಾರ ಗಾಡಿ ಎಷ್ಟು ಡೀಸೆಲ್ ಕುಡಿಯಿತೆಂದು
ಅಂಗಳಕ್ಕೆಲ್ಲ ಕೇಳುವ ಹಾಗೆ ಹೆಸರು ಕೂಗುತ್ತಿದ್ದರು.
ನಿಜ ಹೇಳಬೇಕು, ಆ ವರ್ಷ ಡೀಸೆಲ್ ಉಳಿಯಿತು,
ಡಿಪೋಗೆ ಶೀಲ್ಡೂ ಬಂತು.
ಅದನ್ನಿಟ್ಟ ಬೀರುವಿನ ಬೀಗದ ಕೈ
ಈಗ ಯಾರ ಹತ್ತಿರ ಇದೆಯೋ.

ಒಮ್ಮೆ ರಿಜಿಸ್ಟರು ತಿರುವಿ ಕೇಳಿದರು:
'ಏನ್ರೀ ಪಾಲಯ್ಯ, ಎಷ್ಟೊಂದು ತಾಂತ್ರಿಕ ಕಾರಣ?'
'ಹಳೇ ಗಾಡಿಗಳು ಸಾರ್,' ಅಂದ.
ಯಾವ ಗಾಡಿ ಅಂತ ಹೇಳಲಿಲ್ಲ.

ಅವನಿಗೂ ತಪ್ಪಿದ್ದುಂಟು.
ಓಬಳೇಶಿ ಆ ದಿನ ನಗುತ್ತ ಬಂದ, ಎಲ್ಲರನ್ನೂ ನಗಿಸಿದ,
ಐಮಂಗಲ ಇನ್ನೂ ಎರಡು ಮೈಲಿ ಇರುವಾಗ
ನಲವತ್ತೆರಡು ಜನರ ಬಸ್ಸು ಬದಿಗೆ ಹಾಕಿ
ಹ್ಯಾಂಡ್‌ಬ್ರೇಕ್ ಎಳೆದು, ಇಳಿದು,
ಶೇಂಗಾ ಹೊಲದ ಬದುವಿನ ಮೇಲೆ ಕೂತುಬಿಟ್ಟ.
ನಾನೇ ಕಂಡಕ್ಟರು. ಹೊಸಬಳು.
ಜನ ನನಗೆ ಬೈದರು, ಟಿಕೆಟ್ ದುಡ್ಡು ಕೇಳಿದರು.
ಪಾಲಯ್ಯ ಹಿಂದೆ ಖಾಸೀಮನನ್ನು ಕೂರಿಸಿಕೊಂಡು
ಟಿವಿಎಸ್‌ನಲ್ಲಿ ಬಂದ.
ಬಸ್ಸಿನ ಕಡೆ ತಿರುಗಿಯೂ ನೋಡದೆ ಬದುವಿಗೆ ಹೋಗಿ ಕೂತ.
ಒಂದು ಗಿಡ ಕಿತ್ತ. ಮಣ್ಣು ಕೊಡವಿದ.
ಇಬ್ಬರೂ ಹಸಿ ಶೇಂಗಾ ಸುಲಿದು ತಿಂದರು.
ಖಾಸೀಮು ಬಸ್ಸು ಎತ್ತಿದಾಗ
ಹಿಂದಿನ ಗಾಜಿನಲ್ಲಿ ಇನ್ನೂ ತಿನ್ನುತ್ತಲೇ ಇದ್ದರು.

ಐವತ್ತು ನಿಮಿಷ ವಿಳಂಬ. ತಾಂತ್ರಿಕ ಕಾರಣ.
ಸಂಜೆ ನನ್ನ ಹತ್ತಿರ ಇಷ್ಟೇ ಅಂದ:
'ನಗು ಕೇಳ್ತಾ ಡಬ್ಬಿ ಮರ್ತೆ ಕಣಮ್ಮ.'

ಈಗ ಆ ಕುರ್ಚಿ ನನ್ನದು.
ಹೋದ ತಿಂಗಳು ಎರಡು ದಿನ ತರಬೇತಿ,
ಹೋಟೆಲಿನ ಏಸಿ ಹಾಲಿನಲ್ಲಿ, ಗೋಡಂಬಿ ಬಿಸ್ಕತ್ತಿನ ಜೊತೆ.
ಕೋಟಿನ ಹುಡುಗ ಪರದೆಯ ಮೇಲೆ
ನಾಯಕರನ್ನು ಆರು ಬಗೆ ಮಾಡಿದ,
ಭಾವನೆಗೂ ಒಂದು ಬುದ್ಧಿಯಿದೆ ಎಂದ.
ತಪ್ಪೇನೂ ಹೇಳಲಿಲ್ಲ, ಪಾಪ.
ಕೊನೆಗೆ, ಕಣ್ಣು ಮುಚ್ಚಿ, ನಿಮ್ಮ ಮೆಚ್ಚಿನ ನಾಯಕರನ್ನು ನೆನೆಯಿರಿ ಎಂದ.
ಮುಚ್ಚಿದೆ.
ಮುಖ ಬರಲಿಲ್ಲ.
ಸ್ಟೀಲು ಮರಕ್ಕೆ ತಾಗಿತು.

ಆದರೆ ಕಿವಿಯನ್ನು ಕುರ್ಚಿಯ ಜೊತೆ ಕೊಡುವುದಿಲ್ಲ.
ಮೊದಲ ವಾರವೇ ಗಾದ್ರಪ್ಪನ ಡಬ್ಬಿ ಸದ್ದಿಲ್ಲದೆ ಇಳಿಯಿತು,
ನಾನು ಎಲ್ಲರೆದುರು, ಅಕ್ಕರೆಯಿಂದಲೇ,
'ಏನಾಯ್ತೋ ಗಾದ್ರಪ್ಪ?' ಎಂದೆ.
'ಏನಿಲ್ಲ ಮೇಡಂ.'
ಮುಖಕ್ಕೆ ಶಟರು ಬಿತ್ತು.
ಅದು ಮೇಲೇಳಲು ನಾಲ್ಕು ತಿಂಗಳು ಹಿಡಿಯಿತು.

ಮೊನ್ನೆ ಬೆಳಿಗ್ಗೆ ನನ್ನದೇ ಡಬ್ಬಿ ಹೇಗೆ ಇಟ್ಟೆನೋ
ನನಗೆ ನೆನಪಿಲ್ಲ.
ಹಿಂದಿನ ರಾತ್ರಿಯ ಸಂಗತಿ ಇಲ್ಲಿ ಬರೆಯುವಂಥದ್ದಲ್ಲ.
ಚಳ್ಳಕೆರೆ ಗಾಡಿ ಹೊರಡದೆ ನಿಂತಿತ್ತು, ಹೊತ್ತಾಗಿತ್ತು,
ನಾನು ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ.

ಗಾದ್ರಪ್ಪ ಒಂದು ಲೋಟ ಚಾ ತಂದಿಟ್ಟು
ರಿಜಿಸ್ಟರು ತನ್ನ ಕಡೆ ತಿರುಗಿಸಿಕೊಂಡ.
ನಿಯಮಕ್ಕೆ ವಿರುದ್ಧ.
ಸೊಟ್ಟ ಅಕ್ಷರದಲ್ಲಿ, ನಾಲಿಗೆ ಕಚ್ಚಿಕೊಂಡು ಬರೆದ:
ಒಂಬತ್ತು ನಿಮಿಷ ವಿಳಂಬ. ತಾತ್ರಿಕ ಕಾರಣ.

ಸೊನ್ನೆ ಬಿಟ್ಟಿದ್ದ.
ತಿದ್ದಲಿಲ್ಲ.