ಐದನೇ ಮನೆ

ಯಶವಂತಪುರದಿಂದ ಲಗ್ಗೆರೆಗೆ ಗೂಡ್ಸ್ ಆಟೋದಲ್ಲಿ
ಮಂಚ, ಮಿಕ್ಸಿ, ಎರಡು ಕೊಡ, ಒಂದು ದೊಡ್ಡಪತ್ರೆ ಕುಂಡ.
ತೊಡೆಯ ಮೇಲೆ ತರಕಾರಿ ಬುಟ್ಟಿ, ಅದರ ಮೇಲೊಂದು ಬುಟ್ಟಿ ಮುಚ್ಚಿ
ಪ್ಲಾಸ್ಟಿಕ್ ಹಗ್ಗ ಬಿಗಿದು, ಒಳಗೆ ಪೀಪಿ.
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಅದು ಕೂಗಿದ ಕೂಗಿಗೆ
ಪಕ್ಕದ ಬೈಕಿನವನು ಹೆಲ್ಮೆಟ್ಟಿನ ಗಾಜು ಎತ್ತಿ ನೋಡಿದ.
ಮಗುವಾ ಮೇಡಂ?
ಹೆಚ್ಚುಕಡಿಮೆ, ಅಂದೆ.

ಹಳೇ ಬೀದಿಯ ಪುಟ್ಟಗೌರಮ್ಮ ಹೇಳಿದ್ದರು: ಗೋಣಿಚೀಲದಲ್ಲಿ ಹಾಕು,
ಮೂರು ಸುತ್ತು ತಿರುಗಿಸಿ ತಗೊಂಡು ಹೋಗು, ದಾರಿ ಮರೆಯುತ್ತೆ.
ನಾನು ಕಂಡಕ್ಟರ್, ತಾಯಿ.
ಹದಿನಾಲ್ಕು ವರ್ಷ ಈ ಊರಿನಲ್ಲಿ ಜನಕ್ಕೆ ದಾರಿ ಹೇಳಿದವಳು.
ಒಂದು ಜೀವಕ್ಕೆ ದಾರಿ ಮರೆಸುವುದು ನನ್ನ ಕೈಲಾಗಲಿಲ್ಲ.

ಮೂರನೇ ಮಹಡಿ. ಹಾಲು ಉಕ್ಕಿಸಿದೆ.
ಉಳಿದದ್ದರಲ್ಲಿ ಒಂದು ತಟ್ಟೆ ಆರಿಸಿ ಮುಂದಿಟ್ಟೆ.
ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ, ಯಾರು ನೋಡಿದ್ದು?
ಮೂರು ದಿನ ಪೀಪಿ ಕಣ್ಣು ಬಿಟ್ಟುಕೊಂಡೇ ಕುಡಿಯಿತು,
ಒಂದು ಕಿವಿ ಬಾಗಿಲ ಕಡೆ, ಒಂದು ನನ್ನ ಕಡೆ.

ಕೂಗು ಅಂದರೆ ಎಂಥ ಕೂಗು!
ಸ್ನಾನಕ್ಕೆ ಹೋದರೆ ಕೂಗು, ಬಟ್ಟೆ ಹರವಲು ಹೋದರೆ ಕೂಗು,
ಫ್ರಿಜ್ಜಿನ ಹಿಂದೆ ತಾನೇ ಸೇರಿಕೊಂಡು
ಕಳೆದುಹೋದವಳು ನಾನು ಎಂಬಂತೆ ಕೂಗು.
ರಾತ್ರಿ ಎರಡಕ್ಕೆ ಎದೆ ಹತ್ತಿ, ಮೂತಿಗೆ ಮೂತಿ ತಾಗಿಸಿ,
ಇದ್ದೀಯಾ?
ಇದ್ದೀನಿ ಕಣೇ, ಮಲಗು.

ಕೆಳಮನೆಯ ನವೀದಾ ಒಂದು ರಾತ್ರಿ
ಪೊರಕೆಯ ಹಿಡಿಯಿಂದ ತಾರಸಿಗೆ ಗುದ್ದಿದಳು.
ಬೆಳಗ್ಗೆ ಮೆಟ್ಟಿಲಲ್ಲಿ ಸಿಕ್ಕಿ, ಮೆತ್ತಗೆ:
ಅಕ್ಕಾ, ಮನೇಲಿ ಯಾರಿಗಾದರೂ ಹುಷಾರಿಲ್ವಾ?

ಮೊದಲು ಒಂದೇ ಕೋಣೆ ಕೊಟ್ಟೆ, ಅಡುಗೆಮನೆ.
ಒಗೆಯದ ಖಾಕಿ ಷರ್ಟು ಹಾಸಿದೆ; ಕಂಕುಳಲ್ಲಿ ಬೆವರು,
ಜೇಬಿನಲ್ಲಿ ಚಿಲ್ಲರೆಯ ವಾಸನೆ.
ಕೊರಳಪಟ್ಟಿಗೆ ಮೂಗು ತುರುಕಿ
ಅಷ್ಟು ಹೊತ್ತು ಸುಮ್ಮನಿತ್ತು.
ನಾಲ್ಕನೇ ದಿನ ನಡುಮನೆ. ಆಮೇಲೆ ಕಿಟಕಿ,
ಜಾಲರಿಯಾಚೆ ಒಂದು ಪಾರಿವಾಳ, ಅದನ್ನು ಬೈಯುವ ಸುಖ.

ಇನ್ನು ಹೋಗುವುದನ್ನು ಕಲಿಸಬೇಕಿತ್ತು.
ಹೋಗುವುದು, ಅಂದರೆ ಬರುವುದು.
ಬಾಗಿಲು ಹಾಕಿ ಮೆಟ್ಟಿಲ ಮೇಲೆ ಕೂತೆ, ಒಂದು ಸ್ಟೇಜಿನಷ್ಟು ಹೊತ್ತು.
ಒಳಗೆ ಪ್ರಳಯ.
ಪ್ರಳಯ ಉಸಿರು ಎಳೆದುಕೊಳ್ಳುವ ಸಂದಿನಲ್ಲಿ ಚಿಲಕ ತೆಗೆದೆ,
ಕೂಗಿಗಲ್ಲ, ಸುಮ್ಮನಾದದ್ದಕ್ಕೆ.
ಮರುದಿನ ಎರಡು ಸ್ಟೇಜು. ಅದರ ಮರುದಿನ ಮೂಲೆಯ ಅಂಗಡಿವರೆಗೆ,
ಬೇಡದಿದ್ದರೂ ಒಂದು ಕಟ್ಟು ಕೊತ್ತಂಬರಿ.
ರಜೆ ಮುಗಿಯುವಷ್ಟರಲ್ಲಿ ನಾವು
ಮೆಜೆಸ್ಟಿಕ್ಕಿಗೆ ಹೋಗಿಬರುವಷ್ಟು ದೂರ ಬಂದಿದ್ದೆವು,
ನಾನು ಬಾಗಿಲ ಈಚೆ, ಅದು ಆಚೆ.

ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತೆ, ಅನ್ನುತ್ತಿದ್ದಳು ಅವ್ವ.
ಮೆಟ್ಟಿಲ ಮೇಲೆ ಕೂತು ಎಣಿಸಿದೆ.
ಮತ್ತಿಕೆರೆಯ ಶೀಟಿನ ಮನೆ. ಹೆಗ್ಗನಹಳ್ಳಿಯ ನೀರಿಲ್ಲದ ಮನೆ.
ಪೀಣ್ಯದಲ್ಲಿ ಗಂಡನ ಜೊತೆ ಎರಡು ವರ್ಷ, ಅದನ್ನೂ ಮನೆ ಅನ್ನುವುದಾದರೆ.
ಯಶವಂತಪುರ, ಅದನ್ನೀಗ ಒಡೆಯುತ್ತಿದ್ದಾರೆ.
ಇದು ಐದು.
ಕತ್ತಿನ ಹಿಂದೆ ಕೈಯಾಡಿಸಿಕೊಂಡೆ.
ಯಾರ ಹಲ್ಲಿನ ಗುರುತೂ ಸಿಗಲಿಲ್ಲ.
ನನ್ನನ್ನು ನಾನೇ ಕಚ್ಚಿ ಹಿಡಿದು ತಂದಿರಬೇಕು.

ಇವತ್ತು ಮೊದಲ ಪಾಳಿ. ನಾಲ್ಕೂವರೆಗೆ ಬೀಗ ಹಾಕಿದೆ.
ಒಳಗಿಂದ ಒಂದೇ ಒಂದು ಕೂಗು, ಚಿಕ್ಕದು,
ರೈಟ್ ಅನ್ನುವ ಹಾಗೆ.
ಆಮೇಲೆ ಏನೂ ಇಲ್ಲ.
ಎರಡನೇ ಮಹಡಿಯ ತಿರುವಿನಲ್ಲಿ,
ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಟಿಕೆಟ್ ಮಷೀನು,
ಬಸ್ಸು ಬಿಡಿಸಬೇಕಾದವಳು
ನಿಂತೇ ಇದ್ದೆ, ಇನ್ನೊಂದು ಸಲ ಕೂಗಲಿ ಅಂತ.