ಗುಳ್ಳೆ ತುಂಬುವ ಕೆಲಸ

ಲಾಲ್‌ಬಾಗಿನ ಹಿಟ್ಟಿನ ಗಿರಣಿಯ ಮೇಲೆ ನಮ್ಮ ಕಚೇರಿ.
ಕೆಳಗೆ ಜೋಳ ಬಿದ್ದರೆ ಮೇಲೆ ಮೇಜು ನಡುಗುತ್ತದೆ,
ಅದಕ್ಕೇ ನನ್ನ ‘ಠ’ ಯಾವತ್ತೂ ಪೂರ್ತಿ ದುಂಡಗಾಗಿಲ್ಲ.
ಪುಟಕ್ಕೆ ನಾಲ್ಕು ರೂಪಾಯಿ. ಕನ್ನಡಕ್ಕೆ ನಾನೊಬ್ಬಳೇ.

ಹಾಳೆ ಕೈಗೆ ಬರುವಾಗಲೇ ಎಲ್ಲ ಮುಗಿದಿರುತ್ತದೆ:
ಯಾರು ಹಾರಬೇಕು, ಯಾರ ಹಲ್ಲು ಉದುರಬೇಕು.
ಹಿಂದಿಯ ಮಾತಿಗೆ ಅಳೆದು ಬಿಟ್ಟ ಗುಳ್ಳೆಯಲ್ಲಿ
ನಾನು ಕನ್ನಡ ತುಂಬಬೇಕು.
ಅಲ್ಲಿ ಚುಟುಕಾಗಿ ಮುಗಿಯುವ ಸಿಟ್ಟು
ನಮ್ಮಲ್ಲಿ ಒತ್ತು, ದೀರ್ಘ, ಕೊಂಬು ಎಲ್ಲರನ್ನೂ ಕರೆದುಕೊಂಡು ಬರುತ್ತದೆ
ಮದುವೆಗೆ ಬಂದ ಬೀಗರ ಹಾಗೆ.
‘ನ್ಯಾಯ’ ಹಿಡಿಯಿತು.
‘ಅನ್ಯಾಯ’ಕ್ಕೆ ಗೆರೆ ದಾಟಬೇಕಾಯಿತು.

ನೂರ ಹದಿನೇಳನೆಯ ಸಂಚಿಕೆ. ಮಿಂಚುಮುಷ್ಟಿ
ಖಳನನ್ನು ಎತ್ತಿ ಅಪ್ಪಳಿಸುತ್ತಾನೆ,
ಅಗಸ ಕಂಬಳಿ ಒಗೆದ ಹಾಗೆ, ಐದು ಮಾಳಿಗೆಯ ಚಾಳಿಗೆ.
ಮುಕ್ಕಾಲು ಪುಟದ ಚಿತ್ರ. ಬಿಡಿಸಿದವನು ಅಗ್ನೆಲೊ,
ಅವನಿಗೆ ಕಿಟಕಿ ಎಂದರೆ ಹುಚ್ಚು.
ಒಂದಕ್ಕೆ ಪಾರಿವಾಳ ತಡೆಯುವ ಜಾಲರಿ, ಒಂದಕ್ಕೆ ಒಣಹಾಕಿದ ಲಂಗೋಟಿ,
ಮೂರನೆಯದರಲ್ಲಿ ಅತ್ತ ತಿರುಗಿದ ಒಂದು ತುರುಬು.
ಅದಕ್ಕೊಂದು ಹೂವೂ ಇತ್ತು, ಅಬ್ಬಲಿಗೆಯಿರಬೇಕು,
ಬಣ್ಣ ಬೀಳುವ ಮೊದಲು ಹೇಗೆ ಹೇಳುವುದು.

ಕರ್ಣಿಕ್ ಸಾಹೇಬರು ಕನ್ನಡಕ ಹಣೆಗೇರಿಸಿದರು:
“ನಮ್ಮ ನಾಯಕ ಜನರನ್ನು ಕೊಲ್ಲುವುದಿಲ್ಲ.”
“ಹಾಗಾದರೆ ಅಪ್ಪಳಿಸದಿರಲಿ,” ಅಂದ ಅಗ್ನೆಲೊ.
“ಅಪ್ಪಳಿಸದಿದ್ದರೆ ಯಾರು ಕೊಳ್ಳುತ್ತಾರೆ?”
ಸ್ವಲ್ಪ ಹೊತ್ತು ಎಲ್ಲರ ಪರವಾಗಿ ಗಿರಣಿ ಮಾತಾಡಿತು.
ಆಮೇಲೆ ತೀರ್ಪು ನಮ್ಮ ಮೇಜುಗಳಿಗೆ ಬಂತು, ಐದೂ ಭಾಷೆಗೆ:
ಮೇಲ್ಮೂಲೆಯಲ್ಲಿ ಚೌಕ ಹಾಕಿ ಬರೆಯಿರಿ,
‘ಅದೃಷ್ಟಕ್ಕೆ ಕಟ್ಟಡ ಖಾಲಿಯಿತ್ತು.’

ಮೂರೇ ಪದ.
ಅದರಲ್ಲಿ ಎರಡು ನನಗೆ ಮೊದಲೇ ಗೊತ್ತಿದ್ದವು.
ಆ್ಯಂಟಾಪ್ ಹಿಲ್‌ನ ನಮ್ಮ ಜೋಪಡಿಯ ತಗಡಿಗೆ
ಅವನ್ನೇ ಅಂಟಿಸಿ ಹೋಗಿದ್ದರು, ಮರಾಠಿಯಲ್ಲಿ, ಮೊಹರು ಒತ್ತಿ.
ಒಳಗೆ ಆರು ಜನ ಊಟಕ್ಕೆ ಕೂತಿದ್ದೆವು.
ಓದು ಬರುತ್ತಿದ್ದದ್ದು ನನಗೊಬ್ಬಳಿಗೆ. ಓದಿ ಹೇಳಿದೆ,
“ಇಲ್ಲಿ ಯಾರೂ ಇಲ್ಲಂತ, ಅಪ್ಪಾ.”
ಅಪ್ಪ ನಕ್ಕ. “ಹಂಗಾದ್ರ ಈ ರೊಟ್ಟಿ ಯಾರು ತಿನ್ಲಾಕತ್ತಾರಬೇ?”
ಮರುದಿನ ಬುಲ್ಡೋಜರು ಬಂತು. ಮಿಂಚುಮುಷ್ಟಿ ಬರಲಿಲ್ಲ.
ಬಂದಿದ್ದರೆ ಯಾವ ಕಡೆ ನಿಲ್ಲುತ್ತಿದ್ದನೋ.

ಬರೆದೆ. ಬರೆಯಲಿಲ್ಲ ಎಂದರೆ ಸುಳ್ಳು.
ಎಲ್ಲರೂ ಚಹಾಕ್ಕೆ ಇಳಿದ ಮೇಲೆ
ಅತಿ ಸಣ್ಣ ನಿಬ್ಬು ಹುಡುಕಿ ತೆಗೆದು
ತುರುಬಿನವಳ ಕಿಟಕಿಯಿಂದ ಒಂದು ಗುಳ್ಳೆ ಎಳೆದೆ,
ಕಡಲೆಯಷ್ಟು; ಅದರ ಬಾಲ ಸಾಸಿವೆಯಷ್ಟು.
‘ತಡಿ, ಅನ್ನಕ್ಕ ಇಟ್ಟೀನಿ.’

ಅವಳು ಹೇಳಿದಳೆಂದು ಬೀಸಿದ ಕೈ ನಿಲ್ಲುತ್ತದೆಯೇ.
ಮುಂದಿನ ಚೌಕದಲ್ಲಿ ಕಟ್ಟಡವೇ ಇಲ್ಲ. ಧೂಳು,
ಧೂಳಿನ ಮೇಲೆ ನಾನೇ ದಪ್ಪ ಬ್ರಶ್ಶಿನಲ್ಲಿ ಬರೆದ
‘ಧಡಾಂ’.
ಸಂಚಿಕೆಯಲ್ಲೆಲ್ಲ ನನ್ನ ಅತಿ ಚೆಂದದ ಅಕ್ಷರ ಅದು.
ಎಷ್ಟು ಖುಷಿಯಿಂದ ಬರೆದಿದ್ದೆ, ಉಸಿರು ಹಿಡಿದು,
ನಾಲಗೆ ಕಚ್ಚಿಕೊಂಡು. ಚುಚ್ಚುವುದು ಅದೇ.

ಎರಡು ತಿಂಗಳ ಮೇಲೆ ಸೊಲ್ಲಾಪುರದಿಂದ ಒಂದು ಕಾರ್ಡು.
‘ಮಿಂಚುಮುಷ್ಟಿ ಅವರಿಗೆ,
ಅನ್ನಕ್ಕೆ ಇಟ್ಟವಳು ಏನಾದಳು? ಖಾಲಿ ಎಂದು ಬರೆದಿದ್ದೀರಿ.
ನಿಮ್ಮ ಶಕ್ತಿ ನನಗೆ ಬಹಳ ಇಷ್ಟ, ಆದರೆ ಉತ್ತರ ಬರೆಯಿರಿ.
ಇಂತಿ, ರೇವಣಸಿದ್ಧ, ಆರನೇ ಇಯತ್ತೆ.’

ನಾಯಕನ ಪರವಾಗಿ ಉತ್ತರಿಸುವುದೂ ನನ್ನದೇ ಕೆಲಸ,
ಕಾರ್ಡಿಗೆ ಎಂಟಾಣೆ.
ಅವನ ಸಹಿಯ ರಬ್ಬರ್ ಸ್ಟಾಂಪು ನನ್ನ ಡ್ರಾವರಿನಲ್ಲಿದೆ,
ಹಲ್ಲಿಯ ಮೊಟ್ಟೆಗಳ ಪಕ್ಕ.
ಸಹಿ ಮೊದಲೇ ಒತ್ತಿಬಿಟ್ಟಿದ್ದೇನೆ.
ಅದರ ಮೇಲೆ ಜಾಗ ಬೇಕಾದಷ್ಟಿದೆ,
ಈ ಸಲ ಯಾರೂ ಗುಳ್ಳೆ ಎಳೆದು ಕೊಟ್ಟಿಲ್ಲ.
ಹತ್ತು ದಿನವಾಯಿತು.
ಕೆಳಗೆ ಯಾರದೋ ಜೋಳ ಬೀಳುತ್ತಿದೆ.